ಮುಂಬಯಿ ನೋಡೋಣ ಬನ್ನಿ

ಮಕ್ಕಳೇ, ಮುಂಬಯಿ ನಮ್ಮ ರಾಜ್ಯದ ರಾಜಧಾನಿ. ನಿಮ್ಮಲ್ಲಿ ಕೆಲವರು ಅಲ್ಲಿಗೆ ಹೋಗಿ ಬಂದಿರಬಹುದು. ನಿಮ್ಮ ಕಾಕಾ ಅಥವಾ ಮಾಮಾ ಅಲ್ಲಿ ಕೆಲಸಕ್ಕಿರಬಹುದು. ಮುಂಬಯಿಗೆ ಹೋಗಿ ಬಂದವರನ್ನು "ಏನೇನು ನೋಡಿದಿರಿ?" ಎಂದು ಕೇಳಿ. ಸಮುದ್ರ, ಎರಡಂತಸ್ತಿನ ಬಸ್ಸು, ಜನರ ನೂಕುನುಗ್ಗಲು ಎಂದು ಹೇಳುತ್ತಾರೆ. "ಕಟ್ಟಡಗಳು ಹೇಗಿದ್ದವು?" ಎಂದರೆ "ದೊಡ್ಡ ದೊಡ್ಡವು ಇದ್ದವು" ಎಂದು ಕೈ ಎತ್ತಿ ತೋರಿಸುತ್ತಾರೆ. ಮಾತು ಅಲ್ಲಿಗೇ ಮುಗಿಯುತ್ತದೆ.

ಮನುಷ್ಯರ ಪರಿಚಯ ಮಾಡಿಕೊಳ್ಳುವಾಗ ನಾವು ಏನು ಕೇಳುತ್ತೇವೆ? ನಿಮ್ಮ ಹೆಸರೇನು, ಊರು ಯಾವುದು, ಯಾರ ಮನೆಯವರು ಎಂದು ಕೇಳುತ್ತೇವಲ್ಲವೇ? ಕಟ್ಟಡಕ್ಕೂ ಹಾಗೆಯೇ ಕೇಳಬೇಕು. ಇದು ಯಾವ ಕಲ್ಲಿನದು? ಯಾರು ಕಟ್ಟಿದರು? ಹಣ ಎಲ್ಲಿಂದ ಬಂತು? ಈ ಆಕಾರವನ್ನು ಯಾವ ಊರಿನಿಂದ ತಂದರು? ಹೀಗೆ ಕೇಳುತ್ತ ಹೋದರೆ ಮುಂಬಯಿಯ ಕಟ್ಟಡಗಳು ತಮ್ಮ ಕತೆ ಹೇಳತೊಡಗುತ್ತವೆ. ಆ ಕತೆಯಲ್ಲಿ ನಮ್ಮ ಕಡೆಯ ಹೆಸರುಗಳೂ ಬರುತ್ತವೆ. ಒಂದು ದಿನದ ಮಟ್ಟಿಗೆ ದಕ್ಷಿಣ ಮುಂಬಯಿಯಲ್ಲಿ ನಡೆದಾಡಿ ಬರೋಣ. ಕಾಲಿಗೆ ಒಳ್ಳೆಯ ಚಪ್ಪಲಿ ಇರಲಿ, ನೀರಿನ ಬಾಟಲಿ ಜೊತೆಗಿರಲಿ.

ಸೊಲ್ಲಾಪುರದಿಂದ ರಾತ್ರಿ ಹೊರಡುವ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿನಲ್ಲಿ ಕುಳಿತರೆ ಬೆಳಗ್ಗೆ ನೀವು ಇಳಿಯುವುದು ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಲ್ಲಿ. ಟರ್ಮಿನಸ್ ಎಂದರೆ ಹಳಿಗಳು ಮುಗಿಯುವ ನಿಲ್ದಾಣ. ಇಲ್ಲಿಂದ ಮುಂದಕ್ಕೆ ರೈಲು ಹೋಗುವುದಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಬೇಕು. ಇಳಿದವರೆಲ್ಲ ಗಂಟು ಹೊತ್ತುಕೊಂಡು ಗಡಿಬಿಡಿಯಿಂದ ಹೊರಗೆ ಓಡುತ್ತಾರೆ. ನೀವು ಓಡಬೇಡಿ. ಹಿರಿಯರ ಕೈ ಹಿಡಿದು, ನೆಲದಡಿಯ ದಾರಿಯಿಂದ ರಸ್ತೆ ದಾಟಿ, ಎದುರು ಬದಿಗೆ ನಿಂತು ತಿರುಗಿ ನೋಡಿ.

ನೀವು ಇಳಿದು ಬಂದದ್ದು ಸ್ಟೇಶನ್ನೋ ಅರಮನೆಯೋ? ಸಾಲು ಸಾಲು ಕಮಾನುಗಳು, ಚೂಪಾದ ಗೋಪುರಗಳು, ಬಣ್ಣದ ಗಾಜಿನ ಕಿಟಕಿಗಳು, ದೊಡ್ಡದೊಂದು ಗಡಿಯಾರ. ಎಲ್ಲದರ ಮೇಲೆ ಒಂದು ಗುಮ್ಮಟ. ಗುಮ್ಮಟದ ತುದಿಯಲ್ಲಿ ಒಬ್ಬ ಹೆಣ್ಣುಮಗಳ ಪ್ರತಿಮೆ. ಅವಳ ಒಂದು ಕೈಯಲ್ಲಿ ಪಂಜು, ಇನ್ನೊಂದು ಕೈಯಲ್ಲಿ ಚಕ್ರ. ಅವಳ ಹೆಸರು 'ಪ್ರಗತಿ'. ಬಾಗಿಲಿನ ಎರಡು ಕಂಬಗಳ ಮೇಲೆ ಎರಡು ಪ್ರಾಣಿಗಳು ಕುಳಿತಿವೆ. ಒಂದು ಸಿಂಹ, ಅದು ಬ್ರಿಟನ್ನಿನ ಗುರುತು. ಇನ್ನೊಂದು ಹುಲಿ, ಅದು ಭಾರತದ ಗುರುತು. ಕಟ್ಟಿದ ಕಾಲದಲ್ಲಿ ನಮ್ಮನ್ನು ಆಳುತ್ತಿದ್ದವರು ಬ್ರಿಟಿಷರು ಎಂಬುದು ಈ ಜೋಡಿಯನ್ನು ನೋಡಿದರೇ ತಿಳಿಯುತ್ತದೆ.

ಈ ಜಾಗದ ಹಳೆಯ ಹೆಸರು ಬೋರಿಬಂದರ. ಭಾರತದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಇಲ್ಲಿಂದಲೇ ಠಾಣೆಗೆ ಹೊರಟಿತು. ದೂರ 34 ಕಿಲೋಮೀಟರು, ಡಬ್ಬಿಗಳು 14, ಕುಳಿತವರು ಸುಮಾರು 400 ಜನ. ಎಳೆಯಲು ಮೂರು ಇಂಜಿನ್ನುಗಳು. ಅವುಗಳ ಹೆಸರು ಸಾಹೇಬ, ಸಿಂಧ ಮತ್ತು ಸುಲ್ತಾನ. ರೈಲುಗಳು ಹೆಚ್ಚಿದಂತೆ ಹಳೆಯ ನಿಲ್ದಾಣ ಸಾಲದಾಯಿತು. 1878ರಲ್ಲಿ ಹೊಸ ಕಟ್ಟಡದ ಕೆಲಸ ಆರಂಭವಾಗಿ ಮುಗಿಯಲು ಹತ್ತು ವರ್ಷ ಹಿಡಿಯಿತು. ಮೊದಲು ಇದಕ್ಕೆ ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳ ಹೆಸರಿತ್ತು. 1996ರಲ್ಲಿ ಶಿವಾಜಿಯ ಹೆಸರಿಟ್ಟರು. 2004ರಲ್ಲಿ ಯುನೆಸ್ಕೋ ಸಂಸ್ಥೆ ಇದನ್ನು ಜಾಗತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ನಕ್ಷೆ ಹಾಕಿದವರು ಎಫ್. ಡಬ್ಲ್ಯು. ಸ್ಟೀವನ್ಸ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿ. ಅವರ ಜೊತೆ ಸಹಾಯಕ ಇಂಜಿನಿಯರರಾಗಿ ಸೀತಾರಾಮ ಖಂಡೇರಾವ ವೈದ್ಯ, ಮೇಲ್ವಿಚಾರಕರಾಗಿ ಎಂ. ಎಂ. ಜನಾರ್ದನ ದುಡಿದರು. ವೈದ್ಯರ ಹೆಸರನ್ನು ಮರೆಯಬೇಡಿ, ಸಂಜೆಯ ಹೊತ್ತಿಗೆ ಮತ್ತೊಮ್ಮೆ ಬರುತ್ತದೆ. ಗೋಡೆ, ಕಂಬಗಳ ತುಂಬ ಕೆತ್ತಿರುವ ನವಿಲು, ಕೋತಿ, ಎಲೆ, ಬಳ್ಳಿಗಳಲ್ಲಿ ಎಷ್ಟೋ ಕೆಲಸ ಮುಂಬಯಿಯ ಜೆ. ಜೆ. ಚಿತ್ರಕಲಾ ಶಾಲೆಯ ವಿದ್ಯಾರ್ಥಿಗಳದು. ಕಲಿಯುತ್ತಿದ್ದ ಹುಡುಗರ ಕೈಕೆಲಸ ಇಂದಿಗೂ ಅಲ್ಲಿದೆ. ದಿನವೂ ಲಕ್ಷಗಟ್ಟಲೆ ಜನ ಅದರ ಕೆಳಗೆ ಹಾದುಹೋಗುತ್ತಾರೆ, ತಲೆಯೆತ್ತಿ ನೋಡುವವರು ಕಡಿಮೆ.

ಒಳಗೆ ಟಿಕೆಟು ಕೊಡುವ ಒಂದು ಹಳೆಯ ಸಭಾಂಗಣವಿದೆ. ಅದರ ಮಾಳಿಗೆಯಲ್ಲಿ ಬಂಗಾರ ಬಣ್ಣದ ನಕ್ಷತ್ರಗಳನ್ನು ಬರೆದಿದ್ದಾರೆ. ಆದ್ದರಿಂದ ಅದಕ್ಕೆ 'ನಕ್ಷತ್ರ ಮಂದಿರ' ಎನ್ನಬಹುದು. ಇದೇ ನಿಲ್ದಾಣದಲ್ಲಿ 2008ರ ನವೆಂಬರ್ 26ರ ರಾತ್ರಿ ಭಯೋತ್ಪಾದಕರು ಗುಂಡು ಹಾರಿಸಿದರು. ಅನೇಕ ಪ್ರಯಾಣಿಕರು ಸತ್ತರು. ರೈಲು ಬರುವ ಹೋಗುವ ಸಮಯ ಹೇಳುವ ನೌಕರರೊಬ್ಬರು ಆಗ ತಮ್ಮ ಕೋಣೆ ಬಿಟ್ಟು ಓಡಲಿಲ್ಲ. ಮೈಕಿನ ಮುಂದೆ ಕುಳಿತು, ಯಾವ ಕಡೆ ಹೋಗಬಾರದು, ಯಾವ ಬಾಗಿಲಿನಿಂದ ಹೊರಬೀಳಬೇಕು ಎಂದು ಜನರಿಗೆ ಹೇಳುತ್ತಲೇ ಇದ್ದರು. ಅದರಿಂದ ಎಷ್ಟೋ ಜನರ ಜೀವ ಉಳಿಯಿತು.

ಈಗ ಕಮಾನುಗಳನ್ನು ಗಮನಿಸಿ. ಅವು ಅರ್ಧ ಬಳೆಯಂತೆ ದುಂಡಗಿಲ್ಲ. ಎರಡೂ ಕಡೆಯಿಂದ ಏರಿ ನಡುವೆ ಮೊನೆಯಾಗಿ ಕೂಡಿಕೊಳ್ಳುತ್ತವೆ. ನಮಸ್ಕಾರ ಮಾಡುವಾಗ ನಿಮ್ಮ ಎರಡೂ ಕೈಗಳ ಬೆರಳ ತುದಿ ಕೂಡುತ್ತವಲ್ಲ, ಹಾಗೆ. ಯುರೋಪಿನಲ್ಲಿ ಇಂತಹ ಕಮಾನಿನ ಶೈಲಿಗೆ ಗಾಥಿಕ್ ಎನ್ನುತ್ತಾರೆ. ದುಂಡು ಕಮಾನು ಮೇಲಿನ ಭಾರವನ್ನು ಬದಿಗೆ ಹೆಚ್ಚು ತಳ್ಳುತ್ತದೆ. ಮೊನೆ ಕಮಾನು ಅದನ್ನು ಹೆಚ್ಚು ನೇರವಾಗಿ ನೆಲದ ಕಡೆ ಇಳಿಸುತ್ತದೆ. ಹೀಗಾಗಿ ಕಟ್ಟಡವನ್ನು ಎತ್ತರಕ್ಕೆ ಏರಿಸುವುದು ಸುಲಭವಾಗುತ್ತದೆ. ಇದು ಪರದೇಶದ ವಿದ್ಯೆ ಮಾತ್ರವೆಂದು ತಿಳಿಯಬೇಡಿ. ವಿಜಯಪುರದ ಇಬ್ರಾಹಿಂ ರೋಜಾ ನೋಡಿದವರಿಗೆ ಮೊನೆ ಕಮಾನು ಹೊಸದಲ್ಲ. ವಿಕ್ಟೋರಿಯಾಳ ಕಾಲಕ್ಕಿಂತ ಇನ್ನೂರು ವರ್ಷಕ್ಕೂ ಮೊದಲೇ ನಮ್ಮ ಕಡೆಯ ಗೌಂಡಿಗಳು ಅದನ್ನು ಕಟ್ಟುತ್ತಿದ್ದರು.

ಸ್ಟೇಶನ್ನಿನ ಎದುರಿಗೇ ಮಹಾನಗರಪಾಲಿಕೆಯ ಕಟ್ಟಡವಿದೆ. ಇದೂ ಸ್ಟೀವನ್ಸ್ ಅವರ ನಕ್ಷೆಯೇ, 1893ರಲ್ಲಿ ಮುಗಿಯಿತು. ಅದನ್ನು ಹೊರಗಿನಿಂದ ನೋಡಿ ಮುಂದೆ ಸಾಗೋಣ, ಏಕೆಂದರೆ ನಮ್ಮವರು ನಿಂತು ನೋಡಲೇಬೇಕಾದ ಕಟ್ಟಡ ಸ್ಟೇಶನ್ನಿನ ಪಕ್ಕದಲ್ಲೇ ಇದೆ.

ಅದು ಮುಂಬಯಿಯ ಮುಖ್ಯ ಅಂಚೆ ಕಚೇರಿ. ಜನ ಜಿ.ಪಿ.ಓ. ಎನ್ನುತ್ತಾರೆ. ಅದರ ನಡುವಿನ ಗುಮ್ಮಟವನ್ನು ನೋಡಿ. ಎಲ್ಲೋ ಕಂಡಂತಿದೆಯಲ್ಲವೇ? ನೀವು ಶಾಲೆಯ ಪ್ರವಾಸದಲ್ಲಿ ವಿಜಯಪುರಕ್ಕೆ ಹೋಗಿದ್ದರೆ ಥಟ್ಟನೆ ಹೇಳುತ್ತೀರಿ: "ಗೋಳಗುಮ್ಮಟ!" ಹೌದು. ಈ ಕಟ್ಟಡದ ನಕ್ಷೆ ಹಾಕಿದ ಜಾನ್ ಬೆಗ್ ಎಂಬ ವಾಸ್ತುಶಿಲ್ಪಿ ಗೋಳಗುಮ್ಮಟವನ್ನೇ ಮಾದರಿಯಾಗಿ ಇಟ್ಟುಕೊಂಡು ಇದನ್ನು ರೂಪಿಸಿದರು. ಕೆಲಸ 1904ರಲ್ಲಿ ಆರಂಭವಾಗಿ 1913ರಲ್ಲಿ ಮುಗಿಯಿತು. ಸೊಲ್ಲಾಪುರದಿಂದ ಸುಮಾರು ನೂರು ಕಿಲೋಮೀಟರು ದೂರದ ಊರಿನ ಗುಮ್ಮಟ ಮುಂಬಯಿಯ ಅಂಚೆ ಕಚೇರಿಯ ಮೇಲೆ ಬಂದು ಕುಳಿತಿತು. ಗೋಡೆಗಳ ಕಲ್ಲು ಕೂಡ ನಿಮಗೆ ಪರಿಚಯದ್ದೇ. ಅದು ಕರಿಗಲ್ಲು. ಸೊಲ್ಲಾಪುರದ ಭುಯಿಕೋಟೆಯ ಗೋಡೆಯಲ್ಲಿ, ನಿಮ್ಮ ಊರಿನ ಬಾವಿಯ ಮೆಟ್ಟಿಲಲ್ಲಿ ಇರುವಂತಹದೇ ಕಲ್ಲು. ಲಕ್ಷಾಂತರ ವರ್ಷಗಳ ಕಾಲ ಜ್ವಾಲಾಮುಖಿಗಳು ಉಕ್ಕಿಸಿದ ಲಾವಾ ತಣ್ಣಗಾಗಿ ಈ ಕಲ್ಲಾಯಿತು. ಅದರ ಜೊತೆಗೆ ಅಲಂಕಾರಕ್ಕೆ ಕುರ್ಲಾದ ಹಳದಿ ಕಲ್ಲು ಮತ್ತು ಧ್ರಾಂಗಧ್ರಾದ ಬಿಳಿ ಕಲ್ಲನ್ನು ಬಳಸಿದ್ದಾರೆ.

ಬೆಗ್ ಏಕೆ ವಿಜಯಪುರದ ಕಡೆ ನೋಡಿದರು? ಸ್ಟೀವನ್ಸ್ ಅವರ ಕಾಲದಲ್ಲಿ ದೊಡ್ಡ ಕಟ್ಟಡವೆಂದರೆ ಯುರೋಪಿನದರಂತೆ ಇರಬೇಕು ಎಂಬ ಭಾವನೆಯಿತ್ತು. ಮುಂದೆ ಕೆಲವು ವಾಸ್ತುಶಿಲ್ಪಿಗಳು, ಭಾರತದಲ್ಲಿ ಕಟ್ಟುವ ಕಟ್ಟಡ ಭಾರತದ ಹಳೆಯ ಕಟ್ಟಡಗಳಿಂದ ಕಲಿಯಬೇಕು ಎಂದು ಯೋಚಿಸಿದರು. ಮುಂಬಯಿ ಪ್ರಾಂತದಲ್ಲಿ ಕಲಿಯಲು ಆದಿಲಶಾಹಿ ಅರಸರ ರಾಜಧಾನಿಗಿಂತ ಒಳ್ಳೆಯ ಶಾಲೆ ಯಾವುದಿತ್ತು? ಆಗ ವಿಜಯಪುರವೂ ಸೊಲ್ಲಾಪುರವೂ ಒಂದೇ ಮುಂಬಯಿ ಪ್ರಾಂತದಲ್ಲಿದ್ದವು.

ಗೋಳಗುಮ್ಮಟ ಮಹಮ್ಮದ ಆದಿಲಶಾಹನ ಸಮಾಧಿ. ಅವನು 1656ರಲ್ಲಿ ತೀರಿಕೊಂಡನು. ಗುಮ್ಮಟದ ಹೊರ ಅಗಲ ಸುಮಾರು 44 ಮೀಟರು. ಇಷ್ಟು ಅಗಲವಿದ್ದರೂ ನಡುವೆ ಒಂದೂ ಕಂಬವಿಲ್ಲ. ಅಂಚೆ ಕಚೇರಿಯ ಗುಮ್ಮಟ ಅದಕ್ಕಿಂತ ಬಹಳ ಚಿಕ್ಕದು.

ಗುಮ್ಮಟ ಕಟ್ಟುವುದರಲ್ಲಿ ಒಂದು ತೊಡಕಿದೆ. ಮನೆಯಲ್ಲೇ ಮಾಡಿ ನೋಡಿ. ಮೇಲ್ಭಾಗ ತೆರೆದಿರುವ ಒಂದು ಚೌಕ ರಟ್ಟಿನ ಪೆಟ್ಟಿಗೆ ತೆಗೆದುಕೊಳ್ಳಿ. ಅದರ ಮೇಲೆ ಅಷ್ಟೇ ಅಗಲದ ದುಂಡು ಬಟ್ಟಲನ್ನು ಬೋರಲು ಹಾಕಿ. ಬಟ್ಟಲಿನ ಅಂಚು ನಾಲ್ಕು ಬದಿಗಳನ್ನು ಮುಟ್ಟುತ್ತದೆ, ಆದರೆ ನಾಲ್ಕು ಮೂಲೆಗಳು ಖಾಲಿ ಉಳಿಯುತ್ತವೆ. ಕೋಣೆ ಚೌಕ, ಗುಮ್ಮಟ ದುಂಡು. ಮೂಲೆಗಳನ್ನು ತುಂಬುವುದು ಹೇಗೆ? ಭಾರ ಹೊರಿಸುವುದು ಯಾವುದರ ಮೇಲೆ? ವಿಜಯಪುರದ ಶಿಲ್ಪಿಗಳು ಇದಕ್ಕೊಂದು ಜಾಣ ಉಪಾಯ ಕಂಡುಹಿಡಿದರು. ಕಾಗದದ ಎರಡು ಸಮ ಚೌಕಗಳನ್ನು ಕತ್ತರಿಸಿ. ಒಂದರ ಮೇಲೊಂದು ಇಟ್ಟು, ಮೇಲಿನದನ್ನು ಅರ್ಧ ಲಂಬಕೋನದಷ್ಟು ಓರೆ ಮಾಡಿ. ಎಂಟು ಮೊನೆಯ ನಕ್ಷತ್ರ ಆಯಿತಲ್ಲ? ಅದರ ನಡುವೆ ಎಂಟು ಬದಿಗಳ ಜಾಗ ಉಳಿಯಿತು. ಗೋಳಗುಮ್ಮಟದ ಒಳಗೆ ಎಂಟು ಕಮಾನುಗಳು ಹೀಗೆಯೇ ಒಂದನ್ನೊಂದು ಹಾಯ್ದು ಮೇಲೇರುತ್ತವೆ. ನಾಲ್ಕು ಬದಿಯ ಕೋಣೆ ಮೇಲೆ ಹೋದಂತೆ ಎಂಟು ಬದಿಯದಾಗುತ್ತದೆ. ಎಂಟು ಬದಿಯ ಮೇಲೆ ದುಂಡನ್ನು ಕೂರಿಸುವುದು ಸುಲಭ. ಬೆಳಗ್ಗೆ ನೀವು ನೋಡಿದ ಸ್ಟೇಶನ್ನಿನ ಗುಮ್ಮಟಕ್ಕೂ ಎಂಟು ಪಟ್ಟಿಗಳಿವೆ ಎಂಬುದನ್ನು ನೆನಪಿಸಿಕೊಳ್ಳಿ.

ಅಂಚೆ ಕಚೇರಿಯ ಒಳಗೆ ಹೋಗಲು ಯಾರ ಅಪ್ಪಣೆಯೂ ಬೇಡ. ಗುಮ್ಮಟದ ಕೆಳಗಿನ ಸಭಾಂಗಣದಲ್ಲಿ ನಿಂತು ಕುತ್ತಿಗೆ ನೋಯುವವರೆಗೆ ಮೇಲೆ ನೋಡಿ. ಬಳಿಕ ಅಲ್ಲೇ ಒಂದು ಪೋಸ್ಟ್ ಕಾರ್ಡು ಕೊಂಡು ನಿಮ್ಮ ಶಾಲೆಯ ವಿಳಾಸಕ್ಕೆ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ವಿಳಾಸದ ಪಿನ್‌ಕೋಡು ಸರಿಯಾಗಿದ್ದರೆ ಕಾರ್ಡು ತಪ್ಪದೆ ಮುಟ್ಟುತ್ತದೆ.

ಇನ್ನು ದಕ್ಷಿಣಕ್ಕೆ ನಡೆಯೋಣ. ಈ ಭಾಗಕ್ಕೆ ಫೋರ್ಟ್ ಎಂದು ಹೆಸರು, ಅಂದರೆ ಕೋಟೆ. ಸೊಲ್ಲಾಪುರದ ಮಕ್ಕಳು "ಕೋಟೆ ಎಲ್ಲಿದೆ?" ಎಂದು ಹುಡುಕಿದರೆ ಸಿಗುವುದಿಲ್ಲ. ಬ್ರಿಟಿಷರು ಊರಿನ ಸುತ್ತ ಕಟ್ಟಿದ್ದ ಕೋಟೆಯ ಗೋಡೆಗಳನ್ನು 1860ರ ದಶಕದಲ್ಲಿ ಕೆಡವಿಸಿದರು. ಆಗ ಗವರ್ನರರಾಗಿದ್ದವರು ಬಾರ್ಟಲ್ ಫ್ರೀಯರ್. ಊರು ಬೆಳೆದಿತ್ತು, ಗೋಡೆಯೊಳಗೆ ಉಸಿರುಗಟ್ಟುತ್ತಿತ್ತು. ಗೋಡೆ ಹೋಯಿತು, ಹೆಸರು ಉಳಿಯಿತು. ತೆರವಾದ ಜಾಗದಲ್ಲಿ ಅಗಲವಾದ ರಸ್ತೆಗಳು ಮತ್ತು ಈಗ ನಾವು ನೋಡಲು ಹೊರಟಿರುವ ಕಟ್ಟಡಗಳು ಎದ್ದವು.

ಹತ್ತು ಹನ್ನೆರಡು ನಿಮಿಷ ನಡೆದರೆ ಹುತಾತ್ಮ ಚೌಕ ಬರುತ್ತದೆ. ಅಲ್ಲಿರುವ ಕಾರಂಜಿ 1864ರದು. ಅದರ ಮೇಲಿರುವವಳು ಫ್ಲೋರಾ, ರೋಮನ್ನರ ಹೂವಿನ ದೇವತೆ. ಅದರ ಹತ್ತಿರವೇ ಪಂಜು ಹಿಡಿದು ನಿಂತ ರೈತ ಮತ್ತು ಕಾರ್ಮಿಕನ ಪ್ರತಿಮೆಗಳಿವೆ. ಸಂಯುಕ್ತ ಮಹಾರಾಷ್ಟ್ರದ ಹೋರಾಟದಲ್ಲಿ ಪ್ರಾಣ ಕೊಟ್ಟವರ ನೆನಪು ಅದು. ಆ ಹೋರಾಟದ ಫಲವಾಗಿ 1960ರ ಮೇ 1ರಂದು ನಮ್ಮ ರಾಜ್ಯ ಹುಟ್ಟಿತು.

ಅಲ್ಲಿಂದ ತುಸು ಮುಂದೆ ಎತ್ತರದ ಗೋಪುರ ಕಾಣುತ್ತದೆ. ಅದು ಮುಂಬಯಿ ವಿದ್ಯಾಪೀಠದ ರಾಜಾಬಾಯಿ ಗೋಪುರ. ಎತ್ತರ ಸುಮಾರು 85 ಮೀಟರು. 1869ರಲ್ಲಿ ಅಡಿಗಲ್ಲು ಹಾಕಿ 1878ರಲ್ಲಿ ಮುಗಿಸಿದರು. ಇದರ ನಕ್ಷೆ ಹಾಕಿದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಲಂಡನ್ನಿನಲ್ಲಿದ್ದರು. ಅವರು ಒಮ್ಮೆಯೂ ಮುಂಬಯಿಗೆ ಬರಲಿಲ್ಲ! ಅಲ್ಲಿಂದಲೇ ನಕ್ಷೆಗಳನ್ನು ಕಳುಹಿಸಿದರು. ಬಿಸಿಲು ಮಳೆಯಲ್ಲಿ ನಿಂತು ಅದನ್ನು ಕಲ್ಲಿಗೆ ಇಳಿಸಿದವರು ಇಲ್ಲಿಯ ಇಂಜಿನಿಯರರು, ಇಲ್ಲಿಯ ಕಲ್ಲುಕುಟಿಗರು. ಗೋಪುರದ ಮೇಲೆ ಪಶ್ಚಿಮ ಭಾರತದ ಬೇರೆ ಬೇರೆ ಸಮುದಾಯದ ಜನರ ಮೂರ್ತಿಗಳಿವೆ. ಅವರವರ ಮುಂಡಾಸು, ಅವರವರ ಉಡುಗೆ. ಕೆಳಗಿನಿಂದ ಬರಿಗಣ್ಣಿಗೆ ಅವು ಸರಿಯಾಗಿ ಕಾಣುವುದಿಲ್ಲ. ಯಾರ ಬಳಿಯಾದರೂ ದುರ್ಬೀನು ಇದ್ದರೆ ಕೇಳಿ ಪಡೆಯಿರಿ.

ರಾಜಾಬಾಯಿ ರಾಣಿಯಲ್ಲ. ಪ್ರೇಮಚಂದ ರಾಯಚಂದ ಎಂಬ ಹತ್ತಿ ವ್ಯಾಪಾರಿಯ ತಾಯಿ. ಗೋಪುರಕ್ಕಾಗಿ ಅವರು ಎರಡು ಲಕ್ಷ ರೂಪಾಯಿ ದಾನ ಕೊಟ್ಟು, ಅದಕ್ಕೆ ತಾಯಿಯ ಹೆಸರಿಡಬೇಕೆಂದು ಕೇಳಿದರು. ಆಕೆಗೆ ಕಣ್ಣು ಕಾಣುತ್ತಿರಲಿಲ್ಲವಂತೆ. ಜೈನರಾದ್ದರಿಂದ ಸೂರ್ಯ ಮುಳುಗುವ ಮೊದಲೇ ಊಟ ಮುಗಿಸಬೇಕು. ಗಡಿಯಾರದ ಗಂಟೆ ಕೇಳಿ ಹೊತ್ತು ತಿಳಿಯಲೆಂದು ಮಗ ಹೀಗೆ ಮಾಡಿದನೆಂದು ಜನ ಹೇಳುತ್ತಾರೆ.

ಆ ಹಣ ಎಲ್ಲಿಂದ ಬಂತು? 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ಇಂಗ್ಲೆಂಡಿನ ಬಟ್ಟೆ ಗಿರಣಿಗಳಿಗೆ ಅಲ್ಲಿಂದ ಹತ್ತಿ ಬರುವುದು ನಿಂತಿತು. ಆಗ ಎಲ್ಲರ ಕಣ್ಣು ಭಾರತದ ಹತ್ತಿಯ ಮೇಲೆ ಬಿತ್ತು. ಧಾರವಾಡದ ಕಡೆಯ ಎರೆಹೊಲಗಳಿಂದ, ಖಾನದೇಶದಿಂದ, ವರ್ಹಾಡದಿಂದ, ಗುಜರಾತಿನಿಂದ ಹತ್ತಿಯ ಮೂಟೆಗಳು ಮುಂಬಯಿಯ ಬಂದರಕ್ಕೆ ಬಂದವು. ಬೆಲೆ ಹಲವು ಪಟ್ಟು ಏರಿತು. ಮುಂಬಯಿಯಲ್ಲಿ ಹಣದ ಹೊಳೆ ಹರಿಯಿತು. ಯುದ್ಧ ಮುಗಿದ ಕೂಡಲೇ ಬೆಲೆ ಕುಸಿದು ಎಷ್ಟೋ ವ್ಯಾಪಾರಿಗಳು ದಿವಾಳಿಯಾದರು. ಪ್ರೇಮಚಂದರೂ ಬಹಳ ಕಳೆದುಕೊಂಡರು. ಆದರೆ ಗೋಪುರ ನಿಂತಿತು. ಎರೆಹೊಲದಲ್ಲಿ ಬಗ್ಗಿ ಹತ್ತಿ ಬಿಡಿಸಿದ ಹೆಣ್ಣುಮಕ್ಕಳ ಮೂರ್ತಿ ಗೋಪುರದ ಮೇಲೆ ಇದ್ದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸುತ್ತದೆ. ನಿಮಗೆ?

ಪಕ್ಕದಲ್ಲಿಯೇ ಉಚ್ಚ ನ್ಯಾಯಾಲಯವಿದೆ. ಅದೂ 1878ರದು. ಅದರ ಒಂದು ಕಂಬದ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಕೋತಿಯೊಂದು ನ್ಯಾಯದ ತಕ್ಕಡಿ ಹಿಡಿದಿದೆ. ಯಾವುದೋ ಮೊಕದ್ದಮೆಯಲ್ಲಿ ಸೋತ ಗುತ್ತಿಗೆದಾರ ಸಿಟ್ಟಿನಿಂದ ಹಾಗೆ ಕೆತ್ತಿಸಿದನೆಂದು ಒಂದು ಕತೆ. ಕತೆ ನಿಜವೋ ಸುಳ್ಳೋ, ಕೋತಿಯಂತೂ ಇದೆ.

ಈಗ ವಿದ್ಯಾಪೀಠದ ಹಿಂದಿನ ಓವಲ್ ಮೈದಾನಕ್ಕೆ ಬನ್ನಿ. ಹುಡುಗರು ಕ್ರಿಕೆಟ್ ಆಡುತ್ತಿರುತ್ತಾರೆ, ಚೆಂಡು ತಗಲದಂತೆ ನಡುವಿನ ಕಾಲುದಾರಿಯಲ್ಲಿ ನಿಲ್ಲಿ. ಮೊದಲು ಪೂರ್ವಕ್ಕೆ ಮುಖ ಮಾಡಿ. ರಾಜಾಬಾಯಿ ಗೋಪುರ, ವಿದ್ಯಾಪೀಠ, ನ್ಯಾಯಾಲಯ ಸಾಲಾಗಿ ಕಾಣುತ್ತವೆ. ಎಲ್ಲವೂ ಕಲ್ಲು, ಎಲ್ಲವೂ ಚೂಪು. ಈಗ ಪಶ್ಚಿಮಕ್ಕೆ ತಿರುಗಿ. ಬೇರೆ ಊರಿಗೇ ಬಂದಂತೆ ಆಗುವುದಿಲ್ಲವೇ? ಅಲ್ಲಿಯ ಮನೆಗಳು ಸಿಮೆಂಟಿನವು. ಐದಾರು ಅಂತಸ್ತು, ದುಂಡನೆಯ ಮೂಲೆಗಳು, ಹಡಗಿನ ಅಟ್ಟದಂತಹ ಬಾಲ್ಕನಿಗಳು. ಕಿಟಕಿಗಳ ಮೇಲೆ ಹುಬ್ಬಿನಂತೆ ಉದ್ದಕ್ಕೂ ಸಜ್ಜಾ. ಮಳೆ ಒಳಗೆ ಬಾರದಂತೆ, ಬಿಸಿಲು ನೇರವಾಗಿ ಬೀಳದಂತೆ ಅದು ತಡೆಯುತ್ತದೆ. ಈ ಶೈಲಿಗೆ ಆರ್ಟ್ ಡೆಕೊ ಎಂದು ಹೆಸರು. 1930ರ ದಶಕದಲ್ಲಿ, ಸಮುದ್ರ ತುಂಬಿ ಪಡೆದ ನೆಲದ ಮೇಲೆ ಇವು ಎದ್ದವು. ಇವುಗಳ ಆಚೆಗೆ ಮರೀನ್ ಡ್ರೈವ್, ಅದರಾಚೆ ಸಮುದ್ರ.

ಒಂದು ಮೈದಾನ, ಎರಡು ಕಾಲ. ಇಂತಹ ನೋಟ ಬೇರೆಲ್ಲಿಯೂ ಸುಲಭವಾಗಿ ಸಿಗದು. ಪಶ್ಚಿಮದ ಮನೆಗಳನ್ನು ಬಹಳ ಕಾಲ ಯಾರೂ ವಿಶೇಷವೆಂದು ಎಣಿಸಲಿಲ್ಲ. ಅವು ಜನ ವಾಸಿಸುವ ಮಾಮೂಲಿ ಮನೆಗಳಾಗಿದ್ದವು. ಸುತ್ತಲಿನ ನಿವಾಸಿಗಳೇ ಸೇರಿ, ಇವೂ ಉಳಿಯಬೇಕೆಂದು ವರ್ಷಗಟ್ಟಲೆ ಪ್ರಯತ್ನಿಸಿದರು. 2018ರಲ್ಲಿ ಯುನೆಸ್ಕೋ ಮೈದಾನದ ಎರಡೂ ಬದಿಯ ಕಟ್ಟಡಗಳನ್ನು ಒಟ್ಟಾಗಿ ಜಾಗತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ಗುಂಪಿನಲ್ಲಿ 94 ಕಟ್ಟಡಗಳಿವೆ.

ಹಸಿವೆಯಾಯಿತೇ? ಈ ಭಾಗದಲ್ಲಿ ಉಡುಪಿ ಹೋಟೆಲುಗಳಿಗೆ ಕೊರತೆಯಿಲ್ಲ. ಇಡ್ಲಿ ತರುವವರೊಂದಿಗೆ ಕನ್ನಡದಲ್ಲಿ ಮಾತನಾಡಿ ನೋಡಿ. ಅನೇಕ ಸಲ ಉತ್ತರವೂ ಕನ್ನಡದಲ್ಲೇ ಬರುತ್ತದೆ.

ಊಟದ ನಂತರ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯ. ಇದರ ನಕ್ಷೆ ಜಾರ್ಜ್ ವಿಟ್ಟೆಟ್ ಅವರದು. ಅವರು ಜಾನ್ ಬೆಗ್ ಅವರ ಸಹಾಯಕರಾಗಿದ್ದವರು. ಆದ್ದರಿಂದ ಇಲ್ಲಿಯ ದೊಡ್ಡ ಗುಮ್ಮಟವೂ ನಿಮಗೆ ಪರಿಚಿತವೆನಿಸಿದರೆ ಆಶ್ಚರ್ಯವಿಲ್ಲ. ಕುರ್ಲಾದ ಬೂದು ಕಲ್ಲು, ಮಲಾಡದ ಹಳದಿ ಕಲ್ಲು ಎರಡನ್ನೂ ಬೆರೆಸಿ ಕಟ್ಟಿದ್ದಾರೆ. ಕಟ್ಟಡ ಸಿದ್ಧವಾದಾಗ ಮೊದಲ ಮಹಾಯುದ್ಧ ನಡೆದಿತ್ತು. ಹಾಗಾಗಿ ವಸ್ತುಗಳನ್ನು ಇಡುವ ಬದಲು ಗಾಯಗೊಂಡ ಸೈನಿಕರನ್ನು ಇಲ್ಲಿ ಮಲಗಿಸಿದರು. ಜನರಿಗೆ ಬಾಗಿಲು ತೆರೆದದ್ದು 1922ರಲ್ಲಿ. ಒಳಗೆ ನೋಡುವುದು ಬಹಳವಿದೆ, ಅದಕ್ಕೇ ಒಂದು ದಿನ ಬೇಕು.

ಸಂಜೆಯಾಗುತ್ತ ಬಂತು. ಸಮುದ್ರದ ಗಾಳಿ ಬೀಸುತ್ತಿದೆ. ಎದುರಿಗೆ ಗೇಟ್‌ವೇ ಆಫ್ ಇಂಡಿಯಾ, ಅಂದರೆ ಭಾರತದ ಹೆಬ್ಬಾಗಿಲು. ಎತ್ತರ 26 ಮೀಟರು. ಇದೂ ವಿಟ್ಟೆಟ್ ಅವರ ನಕ್ಷೆಯೇ. ಗುಜರಾತಿನ ಹಳೆಯ ಕಟ್ಟಡಗಳ ಶೈಲಿಯನ್ನು ಇಲ್ಲಿ ಅನುಸರಿಸಿದ್ದಾರೆ. ಕಲ್ಲಿನಲ್ಲಿ ಜಾಳಿಗೆಯಂತೆ ತೂತು ಕೊರೆದ ಜಾಲಂಧ್ರಗಳನ್ನು ಗ್ವಾಲಿಯರಿನಿಂದ ತರಿಸಿದರು.

ಇದರ ಕತೆ ತಮಾಷೆಯಾಗಿದೆ. 1911ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ರಾಜ ಐದನೆಯ ಜಾರ್ಜ್ ಹಡಗಿನಲ್ಲಿ ಇಲ್ಲಿಗೆ ಬಂದನು. ಅವನ ಸ್ವಾಗತದ ನೆನಪಿಗೆ ಈ ಬಾಗಿಲು. ಆದರೆ ಅವನು ಬಂದಾಗ ಬಾಗಿಲೇ ಇರಲಿಲ್ಲ! ರಟ್ಟಿನಿಂದ ಮಾಡಿದ ಮಾದರಿಯನ್ನಷ್ಟೇ ಅವನು ನೋಡಿದನು. ನಿಜವಾದ ಬಾಗಿಲು ಮುಗಿದು ಉದ್ಘಾಟನೆಯಾದದ್ದು 1924ರ ಡಿಸೆಂಬರ್ 4ರಂದು. ಅಷ್ಟರಲ್ಲಿ ಹಣ ಮುಗಿದಿತ್ತು. ಬಾಗಿಲಿಗೆ ನೇರವಾಗಿ ಬರುವ ದೊಡ್ಡ ರಸ್ತೆ ಮಾಡುವ ಯೋಜನೆ ಹಾಗೆಯೇ ಉಳಿಯಿತು. ಆದ್ದರಿಂದಲೇ ಇಂದಿಗೂ ಬಾಗಿಲು ರಸ್ತೆಗೆ ಓರೆಯಾಗಿ ನಿಂತಿದೆ. ಬರುವಾಗ ಗಮನಿಸಿದಿರಾ? ಸ್ವಾತಂತ್ರ್ಯ ಬಂದ ಮೇಲೆ, 1948ರ ಫೆಬ್ರುವರಿ 28ರಂದು, ಬ್ರಿಟಿಷ್ ಸೈನ್ಯದ ಕೊನೆಯ ತುಕಡಿ ಇದೇ ಕಮಾನಿನ ಕೆಳಗೆ ನಡೆದು ಹಡಗು ಹತ್ತಿತು. ರಾಜ ಬಂದದ್ದರ ನೆನಪಿಗೆ ಕಟ್ಟಿದ ಬಾಗಿಲಿನಿಂದಲೇ ಅವನ ಸೈನಿಕರು ಹೊರಟುಹೋದರು.

ಹೆಬ್ಬಾಗಿಲಿನ ಎದುರಿಗೆ ತಾಜಮಹಲ್ ಹೋಟೆಲು ಇದೆ. ಜಮಶೇಟಜಿ ಟಾಟಾ ಕಟ್ಟಿಸಿದ ಇದು 1903ರಲ್ಲಿ ತೆರೆಯಿತು. ಅಂದರೆ ಹೆಬ್ಬಾಗಿಲಿಗಿಂತ ಇದೇ ಹಿರಿಯದು. ಇದರ ನಕ್ಷೆ ಹಾಕಿದ ಇಬ್ಬರಲ್ಲಿ ಒಬ್ಬರು ಯಾರು ಗೊತ್ತೇ? ಬೆಳಗ್ಗೆ ನೆನಪಿಡಿ ಎಂದು ಹೇಳಿದ್ದ ಸೀತಾರಾಮ ಖಂಡೇರಾವ ವೈದ್ಯರು! ಇನ್ನೊಬ್ಬರು ಡಿ. ಎನ್. ಮಿರ್ಜಾ. ಸ್ಟೇಶನ್ನಿನಲ್ಲಿ ಸಹಾಯಕರಾಗಿದ್ದ ವೈದ್ಯರು ಇಲ್ಲಿ ತಾವೇ ಮುಖ್ಯ ವಾಸ್ತುಶಿಲ್ಪಿಯಾದರು. ಆದರೆ ಕಟ್ಟಡ ಮುಗಿಯುವ ಮೊದಲೇ ಅವರು ತೀರಿಕೊಂಡರು. ಉಳಿದ ಕೆಲಸವನ್ನು ಡಬ್ಲ್ಯು. ಎ. ಚೇಂಬರ್ಸ್ ಎಂಬ ಇಂಗ್ಲಿಷರು ಪೂರ್ತಿ ಮಾಡಿದರು.

ಹೆಬ್ಬಾಗಿಲಿನ ಮೆಟ್ಟಿಲ ಬಳಿ ದೋಣಿಗಳು ನಿಂತಿರುತ್ತವೆ. ಮರುದಿನ ಬಿಡುವಿದ್ದರೆ ಬೆಳಗ್ಗೆ ಅವುಗಳಲ್ಲಿ ಕುಳಿತು ಘಾರಾಪುರಿ ದ್ವೀಪಕ್ಕೆ ಹೋಗಬಹುದು. ಸುಮಾರು ಒಂದು ಗಂಟೆಯ ಪ್ರಯಾಣ. ಎಲಿಫಂಟಾ ಗುಹೆಗಳು ಇರುವುದು ಅಲ್ಲಿಯೇ. ಇಂದು ನಾವು ನೋಡಿದ್ದೆಲ್ಲ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದು. ಅದು ಕಟ್ಟಿದ್ದಲ್ಲ, ಬೆಟ್ಟವನ್ನೇ ಕೊರೆದು ಮಾಡಿದ್ದು. ಕಂಬವೂ ಅದೇ ಬಂಡೆ, ಮಾಳಿಗೆಯೂ ಅದೇ ಬಂಡೆ, ಮೂರು ಮುಖದ ಶಿವನೂ ಅದೇ ಬಂಡೆ. ಕೊರೆದು ಸುಮಾರು ಸಾವಿರದ ಐನೂರು ವರ್ಷವಾಗಿದೆ. ಸೋಮವಾರ ಗುಹೆಗಳಿಗೆ ರಜೆ ಇರುತ್ತದೆ, ಅಂದು ದೋಣಿ ಹತ್ತಬೇಡಿ.

ಅಭ್ಯಾಸ

ಅ. ಒಂದೆರಡು ವಾಕ್ಯಗಳಲ್ಲಿ ಉತ್ತರಿಸಿರಿ.
1. ಟರ್ಮಿನಸ್ ಎಂದರೇನು?
2. ಮುಂಬಯಿಯಲ್ಲಿ ಕೋಟೆಯಿಲ್ಲದ ಭಾಗಕ್ಕೆ ಫೋರ್ಟ್ ಎಂಬ ಹೆಸರು ಏಕೆ ಉಳಿಯಿತು?
3. ಗೇಟ್‌ವೇ ರಸ್ತೆಗೆ ಓರೆಯಾಗಿ ನಿಂತಿರುವುದೇಕೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಬರೆಯಿರಿ.
1. ಚೌಕ ಕೋಣೆಯ ಮೇಲೆ ದುಂಡು ಗುಮ್ಮಟ ಕೂರಿಸುವ ಉಪಾಯ.
2. ಅಮೆರಿಕದ ಯುದ್ಧಕ್ಕೂ ಮುಂಬಯಿಯ ಗೋಪುರಕ್ಕೂ ಇರುವ ಸಂಬಂಧ.

ಇ. ಉಪಕ್ರಮ: ನಿಮ್ಮ ಊರಿನ ಅತ್ಯಂತ ಹಳೆಯ ಕಟ್ಟಡ ಯಾವುದೆಂದು ಹಿರಿಯರನ್ನು ಕೇಳಿರಿ. ಗುಡಿ, ಮಸೀದಿ, ವಾಡೆ, ಬಾವಿ, ಅಗಸಿಬಾಗಿಲು ಯಾವುದಾದರೂ ಆಗಬಹುದು. ಅದರ ಕಲ್ಲು ಯಾವುದು, ಕಮಾನು ದುಂಡೋ ಮೊನೆಯೋ ನೋಡಿ ಚಿತ್ರ ಬರೆಯಿರಿ. ಕಟ್ಟಿದವರ ಹೆಸರು ಯಾರಿಗಾದರೂ ಗೊತ್ತಿದ್ದರೆ ಅದನ್ನು ಚಿತ್ರದ ಕೆಳಗೆ ಬರೆದಿಡಿರಿ.